ಬಯೋಸ್ ಅಪ್‌ಡೇಟ್ ಕೆಟ್ಟು ಲ್ಯಾಪ್‌ಟಾಪ್ ನಿಂತುಹೋದರೆ: ಕೀ ಒತ್ತುವುದೋ, ಕ್ಲಿಪ್ ಹಾಕುವುದೋ, ಬೋರ್ಡ್ ಬದಲಿಸುವುದೋ?

ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿರುವ ಪ್ರೋಗ್ರಾಂ ಬಯೋಸ್. ಅದರ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಚಾರ್ಜರ್ ಕಿತ್ತುಬಂತು, ಬ್ಯಾಟರಿಯಲ್ಲಿ ದಮ್ ಇರಲಿಲ್ಲ. ಅಥವಾ ಪರದೆ ತುಂಬಾ ಹೊತ್ತು ಕಪ್ಪಗಿತ್ತು ಅಂತ ಯಾರೋ ಪವರ್ ಬಟನ್ ಒತ್ತಿ ಆಫ್ ಮಾಡಿದರು. ಅಥವಾ ಯಾರೂ ಏನೂ ಮಾಡಲಿಲ್ಲ. ವಿಂಡೋಸ್ ಅಪ್‌ಡೇಟ್ ಜೊತೆಗೆ ಬಯೋಸೂ ತಾನಾಗಿ ಬಂತು, ಬೆಳಿಗ್ಗೆ ನೋಡಿದರೆ ಫ್ಯಾನ್ ತಿರುಗುತ್ತಿದೆ, ಡಿಸ್‌ಪ್ಲೇ ಇಲ್ಲ. ಹೇಗೆ ಆಗಿದ್ದರೂ ಮುಂದಿನ ಪ್ರಶ್ನೆ ಒಂದೇ: ಈಗ ಏನು ಮಾಡೋದು?

ಮುಖ್ಯವಾಗಿ ನಾಲ್ಕು ದಾರಿಗಳಿವೆ. ಲ್ಯಾಪ್‌ಟಾಪಿನೊಳಗೇ ಇರುವ ರಿಕವರಿ. ಕಂಪನಿಯ ಸರ್ವಿಸ್ ಸೆಂಟರ್. ಚಿಪ್ ಲೆವೆಲ್ ಕೆಲಸ, ಅಂದರೆ ಬೋರ್ಡ್ ಬದಲಿಸದೆ ಅದರ ಮೇಲಿನ ಚಿಪ್ಪನ್ನೇ ರಿಪೇರಿ ಮಾಡುವ ಅಂಗಡಿ. ಇಲ್ಲವೇ ನೀವೇ ಪ್ರೋಗ್ರಾಮರ್ ಅನ್ನೋ ಸಣ್ಣ ಸಾಧನ ತಂದು ಚಿಪ್ಪಿಗೆ ಬಯೋಸ್ ಬರೆಯುವುದು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ರಿಕವರಿ ಕೀಗಳನ್ನು ಎಲ್ಲರೂ ಒತ್ತಿ ನೋಡಬಹುದು, ಅದಕ್ಕೆ ಖರ್ಚಿಲ್ಲ. ಅದು ಆಗಲಿಲ್ಲ, ವಾರಂಟಿ ಇದೆ ಅಂದರೆ ಒಂದು ಸ್ಕ್ರೂನೂ ಬಿಚ್ಚದೆ ಸರ್ವಿಸ್ ಸೆಂಟರಿಗೆ ಹೋಗಿ. ವಾರಂಟಿ ಮುಗಿದಿದ್ದರೆ ಚಿಪ್ ಲೆವೆಲ್ ಅಂಗಡಿ. ಆದರೆ ಅಂಗಡಿಯನ್ನು ರೇಟು ನೋಡಿ ಆರಿಸಬೇಡಿ. ಹೊಸದನ್ನು ಬರೆಯುವ ಮೊದಲು ಹಳೇ ಚಿಪ್ಪಿನಲ್ಲಿ ಇರುವುದನ್ನು ಓದಿ ಎತ್ತಿಟ್ಟುಕೊಳ್ಳುತ್ತಾರಾ ಅಂತ ಕೇಳಿ ಆರಿಸಿ. ಈ ಒಂದು ವಿಷಯ ಲ್ಯಾಪ್‌ಟಾಪಿನ ಬ್ರ್ಯಾಂಡಿಗಿಂತ ಜಾಸ್ತಿ ಮುಖ್ಯ.

ಮೊದಲು, ನಿಜಕ್ಕೂ ಸತ್ತಿದೆಯಾ?

ಸುಮಾರು ಲ್ಯಾಪ್‌ಟಾಪ್‌ಗಳು ಸತ್ತಿಲ್ಲದೆಯೇ ಅಂಗಡಿ ಸೇರುತ್ತವೆ. ಬಯೋಸ್ ಬದಲಾದ ಮೇಲೆ ಮೊದಲ ಸಲ ಆನ್ ಆಗುವಾಗ ಮೆಷಿನ್ ತನ್ನ ರ‍್ಯಾಮನ್ನು ಹೊಸದಾಗಿ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಆಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಕೀಬೋರ್ಡ್, ಬ್ಯಾಟರಿ, ಫ್ಯಾನ್ ನೋಡಿಕೊಳ್ಳುವ ಇಸಿ ಅನ್ನೋ ಕಂಟ್ರೋಲರಿಗೂ ಅದೇ ಹೊತ್ತಿನಲ್ಲಿ ಅಪ್‌ಡೇಟ್ ಆಗುತ್ತಿದ್ದರೆ ಫ್ಯಾನ್ ಪೂರ್ತಿ ಜೋರಾಗಿ ತಿರುಗಬಹುದು. ನೋಡೋಕೆ ಗಾಬರಿ ಆಗುತ್ತದೆ, ನಿಜ. ಆದರೂ ಚಾರ್ಜರ್ ಹಾಕಿ ಅರ್ಧ ಗಂಟೆ ಸುಮ್ನೆ ಬಿಟ್ಟುಬಿಡಿ.

ಅಷ್ಟು ಹೊತ್ತಾದರೂ ಏನೂ ಇಲ್ಲ ಅಂದರೆ ಉಳಿದಿರುವ ಕರೆಂಟ್ ಇಳಿಸಿ ನೋಡಬೇಕು. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಲೆನೊವೊದ ಹಲವು ಥಿಂಕ್‌ಪ್ಯಾಡ್‌ಗಳ ಅಡಿಯಲ್ಲಿ ಪಿನ್ ಚುಚ್ಚಲು ಸಣ್ಣ ರಿಸೆಟ್ ತೂತು ಇರುತ್ತದೆ, ಬ್ಯಾಟರಿ ಒಳಗೇ ಇರುವ ಮಾಡೆಲ್‌ಗಳಿಗೆ ಅದೇ ದಾರಿ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೂ ಜೋಡಿಸಿ ನೋಡಿ.

ಈಗ ಏನು ಕಾಣುತ್ತದೆ ಅನ್ನೋದರ ಮೇಲೆ ಮುಂದಿನ ದಾರಿ ನಿಂತಿದೆ. ಕಂಪನಿ ಲೋಗೋ ಬಂದರೆ ಬಯೋಸ್ ಸತ್ತಿಲ್ಲ, ಅಷ್ಟು ಗ್ಯಾರಂಟಿ. ಲೋಗೋ ಆದ ಮೇಲೆ ನೀಲಿ ಪರದೆ ಬಂದರೆ, ಅಥವಾ ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಅಂದರೆ, ಅಪ್‌ಡೇಟ್ ನಿಮ್ಮ ಹಳೇ ಸೆಟ್ಟಿಂಗ್ ಅಳಿಸಿರಬಹುದು. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಅಥವಾ ವಿಎಂಡಿ ಆದರೆ ವಿಂಡೋಸ್ ಏಳುವುದಿಲ್ಲ. ಉಲ್ಟಾ ಆದರೂ ಅಷ್ಟೇ. ಬಯೋಸ್ ಒಳಗೆ ಹೋಗಿ ಮೊದಲಿದ್ದ ಹಾಗೆ ಮಾಡಿದರೆ ಮುಗಿಯಿತು. ಇಷ್ಟು ಸಣ್ಣ ಕೆಲಸಕ್ಕೆ ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿ ಡೇಟಾ ಅಳಿಸಿ ಕೊಡುವವರೂ ಇದ್ದಾರೆ. ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಕೀ ಕೇಳಿದರೂ ಹೆದರಬೇಡಿ. ಬಯೋಸ್ ಬದಲಾಗಿದೆ ಅಂತ ಗೊತ್ತಾಗಿ ಅದು ಕೇಳುತ್ತಿದೆ. ಇನ್ನೊಂದು ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ 48 ಅಂಕಿಗಳ ರಿಕವರಿ ಕೀ ಹುಡುಕಿ.

ಲೋಗೋ ಇಲ್ಲ, ಲೈಟ್ ಮಾತ್ರ ಇದೆ ಅಂದಾಗ ಅದು ಮಿನುಗುವುದನ್ನು ಎಣಿಸಿ. ಡೆಲ್‌ನಲ್ಲಿ ಕಿತ್ತಳೆ ಎರಡು ಸಲ, ಬಿಳಿ ಎರಡು ಸಲ ಮಿನುಗಿದರೆ ಅದು ಬೋರ್ಡ್ ಅಥವಾ ಬಯೋಸ್ ಕೆಟ್ಟ ಗುರುತು. ಎರಡು ಮತ್ತು ಮೂರು ಆದರೆ ರ‍್ಯಾಮ್ ಸಿಗುತ್ತಿಲ್ಲ ಅಂತ. ರ‍್ಯಾಮ್ ತೆಗೆದು ಹಾಕಿದರೆ ಹೋಗುವ ತೊಂದರೆಗೆ ಚಿಪ್ ಬರೆಸುವುದು ದಂಡ. ಎಚ್‌ಪಿಯಲ್ಲಿ ಸಾಮಾನ್ಯವಾಗಿ ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತದೆ. ಲೆಕ್ಕದ ಅರ್ಥ ಮಾಡೆಲ್ಲಿನ ಮೇಲೆ ಬದಲಾಗುತ್ತದೆ, ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲೇ ನೋಡಿ. ಇನ್ನು ಚಾರ್ಜಿಂಗ್ ಲೈಟೂ ಇಲ್ಲ, ಏನೂ ಇಲ್ಲ ಅಂದರೆ ಇಸಿಯ ಪ್ರೋಗ್ರಾಂ ಹಾಳಾಗಿರಬಹುದು, ಇಲ್ಲವೇ ಪವರ್ ಸರ್ಕ್ಯೂಟಿನ ತೊಂದರೆ ಇರಬಹುದು. ಆಗ ಕೀ ಒತ್ತಿ ಪ್ರಯೋಜನವಿಲ್ಲ. ಕೀಬೋರ್ಡ್ ಓದುವುದೇ ಇಸಿ ಅಲ್ವಾ?

ಒಳಗೇ ಇರುವ ರಿಕವರಿ

ಬಯೋಸಿನ ತೀರಾ ಆರಂಭದ ಒಂದು ಸಣ್ಣ ಭಾಗವನ್ನು ಬೂಟ್ ಬ್ಲಾಕ್ ಅನ್ನುತ್ತಾರೆ. ಉಳಿದದ್ದೆಲ್ಲ ಹಾಳಾಗಿದ್ದರೂ ಇದೊಂದು ಸರಿಯಿದ್ದರೆ ಲ್ಯಾಪ್‌ಟಾಪ್ ತನ್ನನ್ನು ತಾನೇ ಎಬ್ಬಿಸಿಕೊಳ್ಳಬಲ್ಲದು. ರಿಕವರಿ ಕೀಗಳು ಕೆಲಸ ಮಾಡುವುದು ಇದರ ಬಲದ ಮೇಲೆ. ಬೂಟ್ ಬ್ಲಾಕೇ ಹೋಗಿದ್ದರೆ ಎಷ್ಟು ಒತ್ತಿದರೂ ಅಷ್ಟೇ.

ಈ ವಿಷಯದಲ್ಲಿ ನನಗೆ ಡೆಲ್ ಮತ್ತು ಎಚ್‌ಪಿ ಮೇಲೆ ನಂಬಿಕೆ ಜಾಸ್ತಿ. ವಿಧಾನವನ್ನು ಇಬ್ಬರೂ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಎಚ್‌ಪಿ ಆದರೆ ಚಾರ್ಜರ್ ಹಾಕಿ, ವಿಂಡೋಸ್ ಕೀ ಮತ್ತು ಬಿ ಎರಡನ್ನೂ ಒತ್ತಿ ಹಿಡಿಯಿರಿ. ಹಿಡಿದುಕೊಂಡೇ ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ ಬಿಡಿ. ಕೀಗಳನ್ನು ಮಾತ್ರ ಬಿಡಬೇಡಿ. ಅಪ್‌ಡೇಟ್ ಪರದೆ ಬರಲು 40 ಸೆಕೆಂಡ್‌ವರೆಗೂ ಹಿಡಿಯಬಹುದು. ಬರದಿದ್ದರೆ ಬಿ ಬದಲು ವಿ ಒತ್ತಿ ಇನ್ನೊಮ್ಮೆ ನೋಡಿ. ಎಲೈಟ್‌ಬುಕ್‌ನಂಥ ಬಿಸಿನೆಸ್ ಮಾಡೆಲ್‌ಗಳಲ್ಲಿ ಶ್ಯೂರ್ ಸ್ಟಾರ್ಟ್ ಅನ್ನೋ ವ್ಯವಸ್ಥೆ ಇದೆ. ಅದು ಬಯೋಸಿನ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದು, ಮೊದಲನೆಯದು ಕೆಟ್ಟರೆ ತಾನೇ ಸರಿಮಾಡುತ್ತದೆ.

ಡೆಲ್‌ನಲ್ಲಿ ಆಟ ಚಾರ್ಜರ್ ಜೊತೆ. ಲ್ಯಾಪ್‌ಟಾಪ್ ಆಫ್ ಇರಲಿ, ಚಾರ್ಜರ್ ಹೊರಗಿರಲಿ. ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿ ಹಿಡಿದು ಚಾರ್ಜರ್ ಚುಚ್ಚಿ. ರಿಕವರಿ ಪರದೆ ಕಂಡ ಮೇಲೆ ಕೀ ಬಿಡಿ. ಈ ಸೌಲಭ್ಯ ಸುಮಾರು 2016ರಿಂದ ಈಚೆಗಿನ ಹೆಚ್ಚಿನ ಡೆಲ್ ಮಾಡೆಲ್‌ಗಳಲ್ಲಿದೆ.

ಇಲ್ಲೊಂದು ಸೂಕ್ಷ್ಮವಿದೆ. ಈ ಎರಡು ಕಂಪನಿಗಳ ಹಲವು ಮಾಡೆಲ್‌ಗಳು ರಿಕವರಿಗೆ ಬೇಕಾದ ಫೈಲನ್ನು ನಿಮ್ಮ ಎಸ್‌ಎಸ್‌ಡಿಯ ಮೂಲೆಯಲ್ಲೇ ಇಟ್ಟಿರುತ್ತವೆ. ಹಾಗಾಗಿ ಡೇಟಾ ಉಳಿಸಬೇಕು ಅಂತ ಮೊದಲೇ ಎಸ್‌ಎಸ್‌ಡಿ ಬಿಚ್ಚಿ ಪಕ್ಕಕ್ಕಿಟ್ಟರೆ ಸುಲಭದ ದಾರಿಯನ್ನು ಕೈಯಾರೆ ಮುಚ್ಚಿದ ಹಾಗೆ. ಕೀ ಒತ್ತುವ ಪ್ರಯತ್ನ ಮುಗಿಯುವವರೆಗೆ ಎಸ್‌ಎಸ್‌ಡಿ ಒಳಗೇ ಇರಲಿ.

ಡಿಸ್ಕಿನಲ್ಲಿ ಫೈಲ್ ಇಲ್ಲದಿದ್ದರೆ ಪೆನ್‌ಡ್ರೈವ್ ಬೇಕು. ಹಳೇ ಸಣ್ಣ ಪೆನ್‌ಡ್ರೈವ್ ಇದ್ದರೆ ಒಳ್ಳೇದು, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಎಚ್‌ಪಿಯ ಬಯೋಸ್ ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಓಡಿಸಿದರೆ ರಿಕವರಿ ಪೆನ್‌ಡ್ರೈವ್ ಮಾಡಿಕೊಡುವ ಆಯ್ಕೆ ಅದರಲ್ಲೇ ಸಿಗುತ್ತದೆ. ಡೆಲ್‌ನಲ್ಲಿ ಇಳಿಸಿಕೊಂಡ ಫೈಲಿನ ಹೆಸರು ಬದಲಿಸಬೇಕು: ಬಯೋಸ್, ಅಂಡರ್‌ಸ್ಕೋರ್, ಐಎಂಜಿ, ಚುಕ್ಕಿ, ಆರ್‌ಸಿವಿ. ಎಕ್ಸ್‌ಟೆನ್ಷನ್ ಕಾಣದ ಹಾಗೆ ವಿಂಡೋಸ್ ಮುಚ್ಚಿಟ್ಟಿರುತ್ತದೆ. ಕೊನೆಯಲ್ಲಿ ಇಎಕ್ಸ್‌ಇ ಹಾಗೇ ಉಳಿದುಬಿಟ್ಟರೆ ಫೈಲ್ ಕಣ್ಣಿಗೆ ಬಿದ್ದರೂ ಮೆಷಿನ್ನಿಗೆ ಬೀಳುವುದಿಲ್ಲ.

ಉಳಿದ ಬ್ರ್ಯಾಂಡ್‌ಗಳ ಕಥೆ ಬೇಗ ಮುಗಿಯುತ್ತದೆ. ಈಚಿನ ಥಿಂಕ್‌ಪ್ಯಾಡ್‌ಗಳು ಕೆಟ್ಟ ಬಯೋಸನ್ನು ತಾವೇ ಗುರುತಿಸಿ ಸರಿಮಾಡಿಕೊಳ್ಳುತ್ತವೆ, ನೀವು ಕಾಯಬೇಕಷ್ಟೆ. ಹಳೇ ಏಸರ್‌ಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಹಿಡಿದು ಆನ್ ಮಾಡಿದರೆ ಪೆನ್‌ಡ್ರೈವಿನಿಂದ ಓದುತ್ತಿತ್ತು, ಆದರೆ ಫೈಲಿಗೆ ಆ ಬೋರ್ಡಿನದೇ ಹೆಸರು ಇರಬೇಕು. ಅಗ್ಗದ ಮನೆಬಳಕೆ ಮಾಡೆಲ್‌ಗಳಲ್ಲಿ ಯಾವುದೇ ಬ್ರ್ಯಾಂಡ್ ಆದರೂ ನಾನು ಜಾಸ್ತಿ ಆಸೆ ಇಟ್ಟುಕೊಳ್ಳುವುದಿಲ್ಲ. ಮ್ಯಾಕ್‌ಬುಕ್ ಲೋಕವೇ ಬೇರೆ. ಟಿ2 ಅಥವಾ ಎಂ ಸರಣಿಯ ಚಿಪ್ ಇದ್ದರೆ ಇನ್ನೊಂದು ಮ್ಯಾಕ್, ಒಂದು ಕೇಬಲ್ ಇಟ್ಟುಕೊಂಡು ಡಿಎಫ್‌ಯು ಅನ್ನೋ ರಿಕವರಿ ಮೋಡಿನಲ್ಲಿ ಎಬ್ಬಿಸಬಹುದು. ಅಲ್ಲಿ ಮೊದಲು ರಿವೈವ್ ಆರಿಸಿ. ರಿಸ್ಟೋರ್ ಒತ್ತಿದರೆ ಡೇಟಾ ಪೂರ್ತಿ ಹೋಗುತ್ತದೆ.

ಚಿಪ್ಪಿನೊಳಗೆ ಇರುವುದು ಬಯೋಸ್ ಮಾತ್ರ ಅಲ್ಲ

ಕೀಗಳಿಂದ ಆಗಲಿಲ್ಲ ಅಂದರೆ ಉಳಿದ ಮೂರು ದಾರಿಗಳೂ ಬೋರ್ಡಿನವರೆಗೆ ಹೋಗುತ್ತವೆ. ಅವನ್ನು ಹೋಲಿಸುವ ಮೊದಲು ಬೋರ್ಡಿನ ಮೇಲಿನ ಆ ಎಂಟು ಕಾಲಿನ ಸಣ್ಣ ಐಸಿಯಲ್ಲಿ ಏನಿದೆ ಅಂತ ತಿಳಿದುಕೊಂಡರೆ ಯಾರೂ ನಿಮಗೆ ಟೋಪಿ ಹಾಕಲಾರರು.

ಸಾಮಾನ್ಯವಾಗಿ ಇದು ವಿನ್‌ಬಾಂಡ್, ಮ್ಯಾಕ್ರೋನಿಕ್ಸ್ ಅಥವಾ ಗಿಗಾಡಿವೈಸ್ ಕಂಪನಿಯ ಫ್ಲ್ಯಾಶ್ ಚಿಪ್. ಗಾತ್ರ 8, 16 ಅಥವಾ 32 ಎಂಬಿ. ಕೆಲವು ಹಳೇ ಮಾಡೆಲ್‌ಗಳಲ್ಲಿ ಎರಡು ಚಿಪ್ ಇರುತ್ತವೆ. ಥಿಂಕ್‌ಪ್ಯಾಡ್ ಎಕ್ಸ್230ಯಲ್ಲಿ 8 ಮತ್ತು 4 ಎಂಬಿಯ ಎರಡು ಇವೆ. ಇಂಟೆಲ್ ಮೆಷಿನ್ ಆದರೆ ಚಿಪ್ಪಿನೊಳಗೆ ಹಲವು ಪಾಲುಗಳಿರುತ್ತವೆ. ಯಾವ ಪಾಲು ಎಲ್ಲಿದೆ ಅಂತ ಹೇಳುವ ಡಿಸ್ಕ್ರಿಪ್ಟರ್ ಒಂದು. ಇಂಟೆಲ್ ಚಿಪ್‌ಸೆಟ್ಟಿನೊಳಗಿನ ಪುಟ್ಟ ಕಂಟ್ರೋಲರಿನ ಪ್ರೋಗ್ರಾಂ ಆದ ಮ್ಯಾನೇಜ್‌ಮೆಂಟ್ ಎಂಜಿನ್ ಅಂದರೆ ಎಂಇ ಇನ್ನೊಂದು. ಕೇಬಲ್ ನೆಟ್‌ವರ್ಕ್ ಇದ್ದರೆ ಅದರ ಮ್ಯಾಕ್ ವಿಳಾಸ ಒಂದು ಕಡೆ ಇರಬಹುದು. ಆಮೇಲೆ ಬಯೋಸ್. ಬಯೋಸಿನ ಪಾಲಿನಲ್ಲೇ ಸೀರಿಯಲ್ ನಂಬರ್, ಮಾಡೆಲ್ ಹೆಸರು, ಡೆಲ್ ಆದರೆ ಸರ್ವಿಸ್ ಟ್ಯಾಗ್, ಜೊತೆಗೆ ಬಂದ ವಿಂಡೋಸ್ ಕೀ ಎಲ್ಲ ಇರುತ್ತವೆ. ಬಿಟ್‌ಲಾಕರಿನಂಥ ಬೀಗಗಳ ಕೀ ಕಾಯುವ, ಪ್ರೊಸೆಸರಿನೊಳಗಿನ ಟಿಪಿಎಂ ತನ್ನ ಗುಟ್ಟುಗಳನ್ನು ಇಟ್ಟುಕೊಳ್ಳುವುದೂ ಇದೇ ಚಿಪ್ಪಿನಲ್ಲಿ.

ಒಂದೇ ಲೇಔಟಿನ ಮನೆಗಳಿಗೆ ನಕ್ಷೆ ಒಂದೇ ಇರಬಹುದು, ಖಾತೆ ಮಾತ್ರ ಬೇರೆ ಬೇರೆ. ಕಂಪನಿಯ ವೆಬ್‌ಸೈಟಿನಲ್ಲಿ ಸಿಗುವ ಬಯೋಸ್ ಫೈಲ್ ಬರೀ ನಕ್ಷೆ. ಅದರಲ್ಲಿ ನಿಮ್ಮ ಸೀರಿಯಲ್ ನಂಬರ್ ಇಲ್ಲ. ಎಷ್ಟೋ ಸಲ ಎಂಇ ಪಾಲೂ ಪೂರ್ತಿ ಇರುವುದಿಲ್ಲ. ಚಿಪ್ 16 ಎಂಬಿ ಇದ್ದರೆ ಫೈಲ್ ಬೇರೆಯೇ ಗಾತ್ರದ್ದಾಗಿರುತ್ತದೆ. ಅದನ್ನು ಹಾಗೇ ಚಿಪ್ಪಿಗೆ ಬರೆದರೆ ಆನ್ ಆಗುವುದೂ ಅನುಮಾನ.

ಇನ್ನೊಂದು ಲ್ಯಾಪ್‌ಟಾಪಿನಿಂದ ತೆಗೆದ ಬಿನ್ ಫೈಲ್, ಅಂದರೆ ಅದರ ಚಿಪ್ಪಿನ ಪೂರ್ತಿ ಪ್ರತಿ, ಬರೆದರೆ? ಅದೇ ಬೋರ್ಡ್ ಆದರೆ ಆನ್ ಆಗಬಹುದು. ಆದರೆ ನಿಮ್ಮ ಮೆಷಿನ್ ಈಗ ಬೇರೆಯವರ ಸೀರಿಯಲ್ ನಂಬರ್ ಹೇಳುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಇದ್ದರೆ ಹಳೇ ಟಿಪಿಎಂ ಮಾಹಿತಿ ಹೋಗಿರುವುದರಿಂದ ರಿಕವರಿ ಕೀ ಇಲ್ಲದೆ ಒಂದು ಫೋಟೋನೂ ಸಿಗುವುದಿಲ್ಲ. ಎಂಇ ಪಾಲು ಹೊಂದದಿದ್ದರೆ ಲ್ಯಾಪ್‌ಟಾಪ್ ಆನ್ ಆಗಿ, ಚೆನ್ನಾಗೇ ನಡೆದು, ಸರಿಯಾಗಿ ಅರ್ಧ ಗಂಟೆಗೆ ತಾನೇ ಆಫ್ ಆಗಬಹುದು. ಕೌಂಟರಿನಲ್ಲಿ ಐದು ನಿಮಿಷ ಆನ್ ಮಾಡಿ ತೋರಿಸಿದಾಗ ಇದು ಗೊತ್ತೇ ಆಗುವುದಿಲ್ಲ.

ಅದಕ್ಕೇ ಹಳೇ ಚಿಪ್ಪಿನ ಪ್ರತಿ ಅಷ್ಟು ಮುಖ್ಯ. ಅಪ್‌ಡೇಟ್ ಕೆಟ್ಟಾಗ ಸಾಮಾನ್ಯವಾಗಿ ಹಾಳಾಗುವುದು ಬಯೋಸ್ ಪಾಲಿನ ಒಂದಷ್ಟು ಭಾಗ. ಉಳಿದದ್ದು ಹಾಗೇ ಇರುತ್ತದೆ. ಕೆಲಸ ಬಲ್ಲವರು ಆ ಹಳೇ ಪ್ರತಿಯಲ್ಲಿ ಕೆಟ್ಟ ಭಾಗವನ್ನಷ್ಟೇ ತೆಗೆದು ಕಂಪನಿಯ ಫೈಲಿನಿಂದ ಒಳ್ಳೆಯದನ್ನು ಕೂರಿಸುತ್ತಾರೆ. ಪ್ರತಿ ತೆಗೆಯದೆ ಮೇಲೆ ಬರೆದುಬಿಟ್ಟರೆ ಆಮೇಲೆ ಯಾವ ಬುದ್ಧಿವಂತ ಬಂದರೂ ನಿಮ್ಮ ಖಾತೆ ವಾಪಸ್ ಬರುವುದಿಲ್ಲ.

ಚಿಪ್ ಲೆವೆಲ್ ಅಂಗಡಿ

ವಾರಂಟಿ ಮುಗಿದ ಲ್ಯಾಪ್‌ಟಾಪಿಗೆ ಇದೇ ನನ್ನ ಮೊದಲ ಆಯ್ಕೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಈ ಕೆಲಸ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಜಿಲ್ಲಾ ಕೇಂದ್ರಗಳಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಬಯೋಸ್ ಪ್ರೋಗ್ರಾಮಿಂಗ್ ಅಂತ ಬೋರ್ಡ್ ಹಾಕಿಕೊಂಡಿರುತ್ತಾರೆ. ಎಷ್ಟೋ ಅಂಗಡಿಗಳು ಲ್ಯಾಪ್‌ಟಾಪ್ ತಗೊಂಡು ಕೆಲಸವನ್ನು ಇನ್ನೊಬ್ಬರಿಗೆ ಕಳಿಸುತ್ತವೆ. ಅದು ತಪ್ಪಲ್ಲ, ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅಲ್ಲಿ ಇರುವುದಿಲ್ಲ. ಸಾಧ್ಯವಾದರೆ ಕೈಯಲ್ಲಿ ಬೋರ್ಡ್ ಹಿಡಿಯುವವರ ಹತ್ತಿರವೇ ಮಾತಾಡಿ.

ಚಿಪ್ಪಿನಿಂದ ಓದಿ ತೆಗೆದ ಪ್ರತಿಗೆ ಅಂಗಡಿಯವರು ಡಂಪ್ ಅನ್ನುತ್ತಾರೆ. ಮಾತಾಡುವಾಗ ಹೀಗೆ ಕೇಳಿ: ‘ಅಣ್ಣಾ, ಬರೆಯೋಕೆ ಮುಂಚೆ ಹಳೇ ಡಂಪ್ ತೆಗೆದು ನನಗೊಂದು ಕಾಪಿ ಕೊಡ್ತೀರಾ?’ ಕೊಡ್ತೀನಿ ಅಂದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ. ಅದೆಲ್ಲ ಯಾಕೆ, ನನ್ನ ಹತ್ತಿರ ಎಲ್ಲ ಮಾಡೆಲ್ ಫೈಲ್ ಇದೆ ಅಂದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ. ಆಮೇಲೆ ಬೋರ್ಡ್ ನಂಬರ್ ನೋಡಿ ಫೈಲ್ ಹಾಕ್ತೀರಾ, ಮಾಡೆಲ್ ಹೆಸರು ನೋಡಿ ಹಾಕ್ತೀರಾ ಅಂತಲೂ ಕೇಳಿ. ಒಂದೇ ಮಾಡೆಲ್ ಹೆಸರಿನ ಕೆಳಗೆ ಎರಡು ಮೂರು ಬೇರೆ ಬೋರ್ಡ್ ಇರುವುದು ಮಾಮೂಲು. ಎಲ್‌ಎ ಅಂತ ಶುರುವಾದರೆ ಕಾಂಪಾಲ್ ಮಾಡಿದ ಬೋರ್ಡ್, ಡಿಎ0 ಅಂತ ಶುರುವಾದರೆ ಕ್ವಾಂಟಾ. ಹೊಂದಬೇಕಾದದ್ದು ಈ ನಂಬರ್. ಎಂಇ ಕ್ಲೀನ್ ಮಾಡ್ತೀರಾ, ಅಂದರೆ ಎಂಇ ಪಾಲನ್ನು ಹೊಸದರ ಸ್ಥಿತಿಗೆ ತರ್ತೀರಾ ಅಂತ ಕೇಳಿದಾಗ ಪ್ರಶ್ನೆ ಅರ್ಥವಾದ ಮುಖ ಕಂಡರೆ ಕೆಲಸ ಬಲ್ಲವರೇ.

ಖರ್ಚು ಊರು, ಅಂಗಡಿ, ಮಾಡೆಲ್ ನೋಡಿಕೊಂಡು ಬದಲಾಗುತ್ತದೆ. ಬೋರ್ಡ್ ಬದಲಿಸುವುದಕ್ಕೆ ಹೋಲಿಸಿದರೆ ತುಂಬಾ ಕಡಿಮೆ, ಬರೀ ಬಯೋಸ್ ಕೆಲಸವಾದರೆ ಒಂದೆರಡು ಸಾವಿರದ ಆಸುಪಾಸು ಅಂದುಕೊಳ್ಳಿ. ನೋಡದೆಯೇ ಬೋರ್ಡ್ ಹೋಗಿದೆ ಅಂದುಬಿಟ್ಟರೆ ಅಲ್ಲಿಂದ ಏಳಿ. ಅಪ್‌ಡೇಟ್ ನಡೆಯುವಾಗ ಕೆಟ್ಟಿತು ಅಂತ ಬಾಯಿಬಿಟ್ಟು ಹೇಳಿ. ಬರೀ ‘ಆನ್ ಆಗ್ತಿಲ್ಲ’ ಅಂದರೆ ಅವರು ಪವರ್ ಸೆಕ್ಷನ್ನಿನಿಂದ ಹುಡುಕಲು ಶುರುಮಾಡುತ್ತಾರೆ. ಸಮಯ ಅವರದು, ಬಿಲ್ಲು ನಿಮ್ಮದು.

ಕೊಡುವ ಮುಂಚೆ ಎಸ್‌ಎಸ್‌ಡಿ ತೆಗೆದಿಟ್ಟುಕೊಳ್ಳಿ. ರಿಕವರಿ ಕೀ ಪ್ರಯತ್ನ ಮುಗಿದಿದೆ, ಚಿಪ್ ಬರೆಯಲು ಅದು ಬೇಕಾಗಿಲ್ಲ. ಎಂ.2 ಡ್ರೈವ್ ಆದರೆ ಒಂದೇ ಸ್ಕ್ರೂ. ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಅವತ್ತೇ ಫೈಲುಗಳು ಸಿಗುತ್ತವೆ. ಎನ್‌ಕ್ರಿಪ್ಷನ್ ಇದ್ದರೆ ರಿಕವರಿ ಕೀ ಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿದ್ದರೆ, ಹೋಮ್ ಎಡಿಷನ್ ಆದರೂ, ನಿಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರುವ ಸಾಧ್ಯತೆ ಜಾಸ್ತಿ. ಸ್ಟೋರೇಜ್ ಬೋರ್ಡಿಗೇ ಬೆಸುಗೆ ಆಗಿರುವ ಇಎಂಎಂಸಿ ಲ್ಯಾಪ್‌ಟಾಪ್‌ಗಳಿಗೆ ಈ ದಾರಿ ಇಲ್ಲ.

ನೀವೇ ಮಾಡುವುದು

ಸಿಎಚ್341ಎ ಅನ್ನೋ ಯುಎಸ್‌ಬಿ ಪ್ರೋಗ್ರಾಮರ್, ಚಿಪ್ಪಿನ ಎಂಟು ಕಾಲು ಕಚ್ಚುವ ಕ್ಲಿಪ್, ಎರಡೂ ಸೇರಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ವಿಡಿಯೋ ನೋಡಿದರೆ ಹತ್ತು ನಿಮಿಷದ ಕೆಲಸ ಅನಿಸುತ್ತದೆ. ಇಷ್ಟು ಅಗ್ಗಕ್ಕೆ ಆಗುವುದಾದರೆ ಅಂಗಡಿಗೆ ಯಾಕೆ ಹೋಗಬೇಕು?

ಮೊದಲ ತೊಡಕು ವೋಲ್ಟೇಜ್. ಹಳೇ ಚಿಪ್‌ಗಳು 3.3 ವೋಲ್ಟಿನವು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ 1.8 ವೋಲ್ಟಿನವೂ ಬರುತ್ತವೆ. ವಿನ್‌ಬಾಂಡಿನಲ್ಲಿ 25ಕ್ಯೂ128 ಆದ ಮೇಲೆ ಎಫ್‌ವಿ ಅಥವಾ ಜೆವಿ ಇದ್ದರೆ 3.3, ಎಫ್‌ಡಬ್ಲ್ಯೂ ಅಥವಾ ಜೆಡಬ್ಲ್ಯೂ ಇದ್ದರೆ 1.8. ಮ್ಯಾಕ್ರೋನಿಕ್ಸ್‌ನಲ್ಲಿ 25ಎಲ್ ಅಂದರೆ 3.3, 25ಯು ಅಂದರೆ 1.8. 1.8ರ ಚಿಪ್ಪಿಗೆ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಾಕಿದರೆ ಚಿಪ್ ಸುಟ್ಟುಹೋಗಬಹುದು. ಸಾಲದು ಅಂತ, ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವ ಕಪ್ಪು ಬಣ್ಣದ ಪ್ರೋಗ್ರಾಮರಿನಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಬರುವ ದೋಷ ಹಳೆಯದು, ಎಲ್ಲರಿಗೂ ಗೊತ್ತಿರುವುದು. ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಪ್ರೋಗ್ರಾಮರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಎರಡನೆಯದು ಚಿಪ್ಪಿನ ಆಕಾರ. ಕಾಲು ಹೊರಗೆ ಚಾಚಿದ್ದರೆ ಕ್ಲಿಪ್ ಕೂರುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾಲೇ ಇಲ್ಲದ ಚಪ್ಪಟೆ ಚಿಪ್ ಬರುತ್ತದೆ. ಅದಕ್ಕೆ ಈ ಕ್ಲಿಪ್ ಕಚ್ಚುವುದಿಲ್ಲ. ಹಾಟ್ ಏರಿನಿಂದ ಎಬ್ಬಿಸಬೇಕು. ಅಲ್ಲಿಗೆ ಮನೆಯ ಕೆಲಸ ಮುಗಿಯಿತು, ಅಂಗಡಿಗೆ ಹೋಗಿ.

ಮೂರನೆಯದು ಓದುವಾಗಿನ ತಪ್ಪು. ಚಾರ್ಜರ್, ಒಳಗಿನ ಬ್ಯಾಟರಿ, ಬಟನ್ ಸೆಲ್ ಮೂರನ್ನೂ ತೆಗೆದಿರಬೇಕು. ಆದರೂ ಪ್ರೋಗ್ರಾಮರಿನ ಕರೆಂಟ್ ಬೋರ್ಡಿನ ಬೇರೆ ಭಾಗಕ್ಕೆ ಹರಿದು ಓದು ತಪ್ಪುತ್ತದೆ. ಹಾಗಾಗಿ ಕನಿಷ್ಠ ಮೂರು ಸಲ ಓದಿ, ಫೈಲುಗಳ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಮೂರೂ ಒಂದೇ ಬಂದರೆ ಮಾತ್ರ ಮುಂದಿನ ಹೆಜ್ಜೆ. ಬಿನ್ ಫೈಲ್ ತೆರೆದಾಗ ಪೂರ್ತಿ ಎಫ್‌ಎಫ್ ಅಥವಾ ಪೂರ್ತಿ ಸೊನ್ನೆ ಕಂಡರೆ ಕ್ಲಿಪ್ ಕೂತೇ ಇಲ್ಲ ಅಂತ ಅರ್ಥ. ಪೂರ್ತಿ ಎಫ್‌ಎಫ್ ಇರುವ ಮೂರು ಫೈಲೂ ಒಂದಕ್ಕೊಂದು ಹೊಂದುತ್ತವೆ, ಅದನ್ನು ಬ್ಯಾಕಪ್ ಅಂದುಕೊಳ್ಳಬೇಡಿ! ಲಿನಕ್ಸ್ ಅಭ್ಯಾಸ ಇದ್ದವರಿಗೆ ಫ್ಲ್ಯಾಶ್‌ರಾಮ್ ಇದೆ. ವಿಂಡೋಸಿನಲ್ಲಿ ಆಸ್‌ಪ್ರೋಗ್ರಾಮರ್ ಬಳಸುತ್ತಾರೆ. ಓದಿದ ಫೈಲಿನ ಪಾಲುಗಳನ್ನು ಬಿಡಿಸಿ ನೋಡಲು ಯುಇಎಫ್‌ಐಟೂಲ್ ಒಳ್ಳೇದು.

ಇಷ್ಟೆಲ್ಲ ಓದಿ ಖುಷಿ ಆಗಿದ್ದರೆ ಈ ದಾರಿ ನಿಮ್ಮದು. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದು ಬಿದ್ದಿದ್ದರೆ ಕೈ ಪಳಗಿಸಲು ಅದೇ ಸರಿ. ಹೋದರೂ ಹೋಗಲಿ ಅನ್ನಬಹುದು. ನಾಡಿದ್ದು ಪ್ರಾಜೆಕ್ಟ್ ಸಲ್ಲಿಸಬೇಕು, ಇರುವುದು ಒಂದೇ ಲ್ಯಾಪ್‌ಟಾಪ್ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಇನ್ನೊಂದು ಮಾತು: 2013ರ ನಾಲ್ಕನೇ ತಲೆಮಾರಿನಿಂದ ಈಚೆಗೆ ಇಂಟೆಲ್‌ನಲ್ಲಿ ಬೂಟ್ ಗಾರ್ಡ್ ಅನ್ನೋ ಕಾವಲು ಬಂದಿದೆ. ಕಂಪನಿ ಅದನ್ನು ಚಾಲೂ ಮಾಡಿದ್ದರೆ, ತನ್ನ ಸಹಿ ಇಲ್ಲದ ಬಯೋಸನ್ನು ಮೆಷಿನ್ ಒಪ್ಪುವುದಿಲ್ಲ. ಅಲ್ಲಿ ಇಲ್ಲಿ ಸಿಕ್ಕಿದ ತಿದ್ದಿದ ಫೈಲುಗಳು ಅಂಥಲ್ಲಿ ನಡೆಯುವುದಿಲ್ಲ.

ಸರ್ವಿಸ್ ಸೆಂಟರ್

ವಾರಂಟಿ ಇದ್ದರೆ ಯೋಚನೆ ಮಾಡುವುದೇ ಬೇಡ. ಕಂಪನಿಯೇ ಕೊಟ್ಟ ಅಪ್‌ಡೇಟ್ ಹಾಕುವಾಗ ಕೆಟ್ಟಿದೆ ಅಂತ ಸ್ಪಷ್ಟವಾಗಿ ಹೇಳಿ, ಜಾಬ್ ಶೀಟಿನಲ್ಲೂ ಬರೆಸಿ. ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗಿ ಬಂದದ್ದಾದರೆ ಅದನ್ನೂ ಬರೆಸಿ. ಚಿಪ್ಪಿನ ಮೇಲೆ ಕ್ಲಿಪ್ಪಿನ ಗೀರು ಅಥವಾ ಬೆಸುಗೆಯ ಗುರುತು ಕಂಡರೆ ಈ ವಾದಕ್ಕೆ ಬಲ ಇರುವುದಿಲ್ಲ. ಅದಕ್ಕೇ ಮೊದಲೇ ಬಿಚ್ಚಬೇಡಿ ಅಂದದ್ದು.

ಇಲ್ಲಿ ಸಾಮಾನ್ಯವಾಗಿ ಚಿಪ್ ಬರೆಯುವುದಿಲ್ಲ, ಬೋರ್ಡೇ ಬದಲಿಸುತ್ತಾರೆ. ಹೊಸ ಬೋರ್ಡಿಗೆ ನಿಮ್ಮ ಸೀರಿಯಲ್ ನಂಬರ್ ಅವರೇ ಹಾಕಿಕೊಡಬೇಕು. ವಾಪಸ್ ತಗೊಳ್ಳುವಾಗ ಬಯೋಸ್ ಪರದೆಯಲ್ಲಿ ಅದನ್ನು ನೋಡಿ, ಅಡಿಯ ಸ್ಟಿಕ್ಕರಿನ ಜೊತೆ ಹೋಲಿಸಿ. ಬೋರ್ಡ್ ಬದಲಾದರೆ ಟಿಪಿಎಂ ಕೂಡ ಬದಲಾದ ಹಾಗೆ. ಬಿಟ್‌ಲಾಕರ್ ಕೀ ಕೈಯಲ್ಲಿ ಇಲ್ಲದೆ ಹೋಗಬೇಡಿ.

ವಾರಂಟಿ ಮುಗಿದ ಮೇಲೆ ಇದೇ ಸರ್ವಿಸ್ ಸೆಂಟರ್ ಅತೀ ದುಬಾರಿ ದಾರಿ. ಹೊಸ ಬೋರ್ಡಿನ ರೇಟು ಕೇಳಿದರೆ ಎಷ್ಟೋ ಸಲ ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆ ಮುಟ್ಟಿರುತ್ತದೆ. ಎಸ್ಟಿಮೇಟ್ ಮಾತ್ರ ತಗೊಳ್ಳಿ. ಚಿಪ್ ಲೆವೆಲ್ ಅಂಗಡಿಯಲ್ಲಿ ಆಗದೇ ಹೋದರೆ ಆಗ ನೋಡಿದರಾಯಿತು. ಸೆಕೆಂಡ್‌ಹ್ಯಾಂಡ್ ಬೋರ್ಡ್ ಹಾಕಿಸುವುದು ನನಗೆ ಇಷ್ಟವಿಲ್ಲ. ಬಯೋಸ್ ಪಾಸ್‌ವರ್ಡ್ ಇರುವ, ಯಾವುದೋ ಆಫೀಸಿನ ಲಾಕ್ ಬಿದ್ದಿರುವ ಬೋರ್ಡ್‌ಗಳೂ ಅದರಲ್ಲಿ ಸೇರಿರುತ್ತವೆ. ಬರೆದಿಟ್ಟ ಚಿಪ್ಪನ್ನು ಆನ್‌ಲೈನಿನಲ್ಲಿ ತರಿಸಿ ಬೆಸುಗೆ ಹಾಕಿಸುವುದು ಅದಕ್ಕಿಂತ ವಾಸಿ. ಆದರೆ ಹಳೇ ಚಿಪ್ ಸತ್ತೇ ಹೋಗಿದೆ, ಓದಲೂ ಆಗುತ್ತಿಲ್ಲ ಅನ್ನುವಾಗ ಮಾತ್ರ.

ಆಫೀಸ್ ಲ್ಯಾಪ್‌ಟಾಪ್ ಆದರೆ ಮೇಲಿನ ಯಾವುದೂ ನಿಮಗೆ ಬೇಡ. ಕೀ ಒತ್ತುವುದೂ ಬೇಡ, ಐಟಿ ವಿಭಾಗಕ್ಕೆ ಮೇಲ್ ಹಾಕಿ.

ಎದ್ದು ಕೂತ ಮೇಲೆ

ಅಂಗಡಿಯಿಂದ ತರುವುದಾದರೆ ಅಲ್ಲೇ ಮುಕ್ಕಾಲು ಗಂಟೆ ಆನ್ ಮಾಡಿ ಇಡಿ. ಅರ್ಧ ಗಂಟೆಯ ಗಡಿ ದಾಟಬೇಕು. ಸ್ಲೀಪ್‌ಗೆ ಹಾಕಿ ಎಬ್ಬಿಸಿ. ಚಾರ್ಜ್ ಆಗುತ್ತಿದೆಯಾ, ಫ್ಯಾನ್ ಸುಮ್ನೆ ಜೋರಾಗಿ ತಿರುಗುತ್ತಿದೆಯಾ ನೋಡಿ. ಕೇಬಲ್ ನೆಟ್‌ವರ್ಕ್ ಬಳಸುವವರು ಅದನ್ನೂ ಜೋಡಿಸಿ ನೋಡಿ. ವಿಂಡೋಸ್ ಆಕ್ಟಿವೇಟ್ ಆಗಿದೆಯಾ, ಸಿಸ್ಟಮ್ ಮಾಹಿತಿಯಲ್ಲಿ ಮಾಡೆಲ್ ಹೆಸರು ಸರಿಯಾಗಿದೆಯಾ ಅಂತ ನೋಡಿಯೇ ದುಡ್ಡು ಕೊಡಿ.

ಕೆಟ್ಟ ಅದೇ ಅಪ್‌ಡೇಟನ್ನು ವಿಂಡೋಸ್ ಮತ್ತೆ ತಂದು ಕೂರಿಸಲು ನೋಡಬಹುದು. ಹಳೇ ಆವೃತ್ತಿಯಲ್ಲಿ ಎಲ್ಲ ಸರಿಯಿದ್ದರೆ ಕೆಲವು ವಾರ ವಿಂಡೋಸ್ ಅಪ್‌ಡೇಟನ್ನು ತಡೆಹಿಡಿಯಿರಿ. ಡೆಲ್, ಎಚ್‌ಪಿ, ಲೆನೊವೊಗಳ ಹಲವು ಬಿಸಿನೆಸ್ ಮಾಡೆಲ್‌ಗಳಲ್ಲಿ ವಿಂಡೋಸ್ ಮೂಲಕ ಬಯೋಸ್ ಬರದಂತೆ ತಡೆಯುವ ಸೆಟ್ಟಿಂಗ್ ಬಯೋಸಿನೊಳಗೇ ಇರುತ್ತದೆ. ಮುಂದೆ ಹಾಕುವಾಗ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ, ಬ್ಯಾಟರಿ ತುಂಬಿಸಿ, ಚಾರ್ಜರನ್ನೂ ಹಾಕಿಟ್ಟುಕೊಂಡು ಶುರುಮಾಡಿ.

ಅಂಗಡಿಯವರು ಕೊಟ್ಟ ಡಂಪಿಗೆ ಮಾಡೆಲ್, ಬೋರ್ಡ್ ನಂಬರ್, ತಾರೀಖು ಸೇರಿಸಿ ಹೆಸರಿಡಿ. ಕೆಟ್ಟದ್ದು, ಸರಿಮಾಡಿ ಬರೆದದ್ದು, ಎರಡೂ ಫೈಲ್ ತಗೊಳ್ಳಿ. ಅದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ. 16 ಎಂಬಿಯ ಫೈಲ್ ಆದರೆ ಒಂದು ಮೇಲ್‌ಗೆ ಒಂದರಂತೆ ಅಟ್ಯಾಚ್‌ಮೆಂಟಿನಲ್ಲಿ ಹೋಗುತ್ತದೆ.